ಹೂಮಳೆಯ ಬೆಲೆ: ಸಕಲೇಶಪುರ–ಆಲೂರಿನ ಗುಡ್ಡಗಳಿಂದ ಹವಾಮಾನದ ಅರ್ಥಶಾಸ್ತ್ರ



ಹವಾಮಾನ ಬದಲಾದರೆ ಆಗುವ ನಷ್ಟ ಎಷ್ಟು? ಅದನ್ನು ತಡೆಯಲು ಬೇಕಾದ ಖರ್ಚು ಎಷ್ಟು? ಆ ಖರ್ಚನ್ನು ಯಾರು ಹೊರಬೇಕು, ಈಗಲೇ ಹೊರಬೇಕೆ, ಮುಂದೆ ನೋಡಿಕೊಳ್ಳಬಹುದೆ? ಈ ಪ್ರಶ್ನೆಗಳಿಗೆ ಅಂಕಿಗಳಲ್ಲಿ ಉತ್ತರ ಕೊಡುವ ಒಂದು ಶಾಸ್ತ್ರ ಕಳೆದ ಮೂರ್ನಾಲ್ಕು ದಶಕಗಳಲ್ಲಿ ಬೆಳೆದು ನಿಂತಿದೆ. ಸರ್ಕಾರಗಳು ಅದನ್ನು ನಂಬಿ ತೆರಿಗೆ ಹಾಕುತ್ತವೆ, ಕಾನೂನು ಮಾಡುತ್ತವೆ, ಕೆಲವೊಮ್ಮೆ ಅದನ್ನೇ ತೋರಿಸಿ ಏನೂ ಮಾಡದೆ ಕೂರುತ್ತವೆ.

ಆ ಅಂಕಿಗಳೆಲ್ಲ ಸುಳ್ಳು ಎನ್ನಲು ನಾನು ಬಂದಿಲ್ಲ. ಲೆಕ್ಕವಿಲ್ಲದೆ ನೀತಿ ಮಾಡಿದರೆ ಗಟ್ಟಿ ದನಿಯವರ ಮಾತೇ ನಡೆಯುತ್ತದೆ. ಆದರೆ ಲೆಕ್ಕ ಶುರುವಾಗುವ ಮುಂಚೆಯೇ ಮೂರು ವಿಷಯ ತೀರ್ಮಾನವಾಗಿರುತ್ತವೆ. ಮುಂದಿನ ಕಾಲದ ಒಂದು ರೂಪಾಯಿಗೆ ಇವತ್ತು ಎಷ್ಟು ಬೆಲೆ? ಯಾರ ನಷ್ಟವನ್ನು ಎಷ್ಟು ತೂಕ ಹಾಕಿ ಕೂಡಿಸಬೇಕು? ಯಾವ ಊರಿನ ಮಳೆಯನ್ನು ಯಾವ ಊರಿನ ಮಳೆಗೆ ಸೇರಿಸಿ ಸರಾಸರಿ ತೆಗೆಯಬೇಕು? ಉತ್ತರದ ಬಹುಪಾಲು ಇಲ್ಲೇ ನಿಶ್ಚಯವಾಗಿಬಿಡುತ್ತದೆ. ನಮ್ಮ ಸಕಲೇಶಪುರ, ಆಲೂರು ತಾಲ್ಲೂಕುಗಳ ಗುಡ್ಡ, ಗದ್ದೆ, ತೋಟಗಳ ಮೇಲೆ ಈ ಮೂರು ತೀರ್ಮಾನಗಳನ್ನು ಇಟ್ಟು ನೋಡಿದರೆ ಅವು ಎಲ್ಲಿ ನಿಲ್ಲುತ್ತವೆ, ಎಲ್ಲಿ ಜಾರುತ್ತವೆ ಎಂಬುದು ಕಾಣುತ್ತದೆ. ಇವತ್ತಿನ ಉಪನ್ಯಾಸ ಆ ಪರಿಶೀಲನೆ.

1. ಮಂಜರಾಬಾದಿನ ಹಳೆಯ ಪಾಠ

ಈ ಸೀಮೆಗೆ ಇಂಥ ಲೆಕ್ಕ ಹೊಸದಲ್ಲ. ಮಂಜರಾಬಾದ್ ಎಂದು ಕರೆಯುತ್ತಿದ್ದ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಯುರೋಪಿಯನ್ ಪ್ಲಾಂಟರುಗಳು ಇಲ್ಲಿ, ಕೊಡಗಿನಲ್ಲಿ, ವಯನಾಡಿನಲ್ಲಿ ಕಾಡು ಕಡಿದು ಕಾಫಿ ಹಾಕಿದರು. ನೆರಳು ಕಡಿಮೆಯಾದಷ್ಟೂ ಮೊದಲ ವರ್ಷಗಳ ಫಸಲು ಜಾಸ್ತಿ. ಹಾಗಾಗಿ ಅನೇಕರು ಮರಗಳನ್ನು ಪೂರ್ತಿ ತೆಗೆದರು. 1860ರ ದಶಕದಲ್ಲಿ ಒಣ ವರ್ಷಗಳು ಬಂದವು, ಅವುಗಳ ಬೆನ್ನಿಗೆ ಕಾಂಡಕೊರಕ ಬಂತು. ಬಿಸಿಲು ಬಿದ್ದ ಕಾಂಡದ ತೊಗಟೆಯ ಸಂದಿನಲ್ಲಿ ಮೊಟ್ಟೆಯಿಡುವ ಹುಳ ಅದು. ತೋಟಗಳು ಸಾಲುಸಾಲಾಗಿ ಹಾಳಾದವು. ಮದ್ರಾಸ್ ಸರ್ಕಾರ ಜಾರ್ಜ್ ಬಿಡಿ ಎಂಬ ವೈದ್ಯಾಧಿಕಾರಿಯನ್ನು ತನಿಖೆಗೆ ಕಳಿಸಿತು. 1869ರಲ್ಲಿ ಅಚ್ಚಾದ ಅವರ ವರದಿ ಹುಳವನ್ನಷ್ಟೇ ದೂರಲಿಲ್ಲ. ಮಳೆಯ ಕೊರತೆ ಮತ್ತು ನೆರಳಿನ ನಾಶ ಎರಡೂ ಸೇರಿ ಹುಳಕ್ಕೆ ದಾರಿ ಮಾಡಿಕೊಟ್ಟವು ಎಂದಿತು. ಮಂಜರಾಬಾದಿನಲ್ಲೇ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಬರೆದ ‘ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್’ ಪುಸ್ತಕದಲ್ಲಿ ನೆರಳಿನ ವಿಷಯಕ್ಕೆ ಕೊಟ್ಟ ಜಾಗ ನೋಡಿದರೆ, ಆ ಪಾಠ ಎಷ್ಟು ದುಬಾರಿಯಾಗಿ ಬಂದಿತ್ತು ಎಂದು ತಿಳಿಯುತ್ತದೆ.

ನೆರಳು ತೆಗೆದ ಪ್ಲಾಂಟರಿನ ಲೆಕ್ಕದ ಪುಸ್ತಕದಲ್ಲಿ ತಪ್ಪೇನೂ ಇರಲಿಲ್ಲ. ಎಕರೆಗೆ ಇಳುವರಿ, ಹಂಡ್ರೆಡ್‌ವೇಟಿಗೆ ಲಂಡನ್ನಿನ ಬೆಲೆ, ಆಳಿನ ಕೂಲಿ ಎಲ್ಲ ಸರಿಯಾಗಿತ್ತು. ತೋಟ ಎಷ್ಟು ವರ್ಷ ಬದುಕುತ್ತದೆ ಎಂಬ ಕಲಮು ಮಾತ್ರ ಅದರಲ್ಲಿ ಇರಲಿಲ್ಲ. ಹವಾಮಾನದ ಅರ್ಥಶಾಸ್ತ್ರದ ಮೇಲೆ ಇಂದು ಎದ್ದಿರುವ ಆಕ್ಷೇಪಗಳಲ್ಲಿ ಅರ್ಧದಷ್ಟು ಈ ಕಲಮಿಗೇ ಸೇರಿದವು.

2. ಮುಂದಿನ ರೂಪಾಯಿಗೆ ಇಂದಿನ ಬೆಲೆ

ಯೇಲ್ ವಿಶ್ವವಿದ್ಯಾಲಯದ ವಿಲಿಯಂ ನಾರ್ಡ್‌ಹೌಸ್ 1990ರ ದಶಕದ ಆರಂಭದಲ್ಲಿ ‘ಡೈಸ್’ ಎಂಬ ಮಾದರಿಯನ್ನು ಕಟ್ಟಿದರು. ಆರ್ಥಿಕತೆ ಬೆಳೆದಂತೆ ಹೊಗೆ, ಹೊಗೆಯಿಂದ ಬಿಸಿ, ಬಿಸಿಯಿಂದ ನಷ್ಟ, ಆ ನಷ್ಟ ಮತ್ತೆ ಆರ್ಥಿಕತೆಗೆ. ಈ ಸುತ್ತನ್ನು ಕೆಲವೇ ಸಮೀಕರಣಗಳಲ್ಲಿ ಹಿಡಿದದ್ದು ದೊಡ್ಡ ಸಾಧನೆ. 2018ರ ಅಕ್ಟೋಬರ್ 8ರಂದು, ಪಾಲ್ ರೋಮರ್ ಅವರೊಂದಿಗೆ, ಅವರಿಗೆ ನೊಬೆಲ್ ಘೋಷಣೆಯಾಯಿತು. ಅದೇ ದಿನ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಭೂಮಿಯ ಬಿಸಿ 1.5 ಡಿಗ್ರಿ ದಾಟಬಾರದೆಂಬ ಗುರಿಯ ಬಗ್ಗೆ ವರದಿ ಕೊಟ್ಟಿತು. ನಾರ್ಡ್‌ಹೌಸ್ ಮಾದರಿಯ ಪ್ರಕಾರ ಲಾಭ-ನಷ್ಟ ತೂಗಿ ನೋಡಿದರೆ ಈ ಶತಮಾನದ ಕೊನೆಗೆ 3 ಡಿಗ್ರಿಗೂ ಮೀರಿದ ಬಿಸಿಯೇ ‘ಅತ್ಯುತ್ತಮ’ ದಾರಿ ಎಂದು ಬರುತ್ತಿತ್ತು. ಒಂದೇ ದಿನ ಲೋಕಕ್ಕೆ ಎರಡು ಉತ್ತರ.

ಇದಕ್ಕೂ ಮೊದಲು, 2006ರ ಅಕ್ಟೋಬರಿನಲ್ಲಿ, ಬ್ರಿಟಿಷ್ ಸರ್ಕಾರಕ್ಕಾಗಿ ನಿಕೊಲಸ್ ಸ್ಟರ್ನ್ ಬರೆದ ವರದಿ ಬೇರೆ ಮಾತು ಹೇಳಿತ್ತು. ಸುಮ್ಮನಿದ್ದರೆ ಜಗತ್ತಿನ ಉತ್ಪನ್ನದಲ್ಲಿ ವರ್ಷವರ್ಷವೂ ಕನಿಷ್ಠ ಶೇ. 5ರಷ್ಟು, ಎಲ್ಲ ಅಪಾಯವನ್ನೂ ಸೇರಿಸಿದರೆ ಶೇ. 20ರವರೆಗೆ ಕಳೆದುಕೊಂಡಂತೆ; ತಡೆಯಲು ಬೇಕಾದದ್ದು ಶೇ. 1ರಷ್ಟು. ಇಬ್ಬರೂ ಓದಿದ ವಿಜ್ಞಾನ ಹೆಚ್ಚುಕಡಿಮೆ ಒಂದೇ. ಅಂತರದ ಬಹುಭಾಗ ಬಂದದ್ದು ಡಿಸ್ಕೌಂಟ್ ದರದಿಂದ, ಅಂದರೆ ಮುಂದಿನ ಕಾಲದ ಹಣವನ್ನು ಇಂದಿನ ಬೆಲೆಗೆ ಇಳಿಸುವ ದರದಿಂದ. ಸ್ಟರ್ನ್ ಬಳಸಿದ್ದು ಶೇ. 1.4ರ ಆಸುಪಾಸು, ನಾರ್ಡ್‌ಹೌಸ್ ಬಳಸಿದ್ದು ಶೇ. 4 ಮತ್ತು ಅದಕ್ಕೂ ಮೇಲೆ. ನೂರು ವರ್ಷದ ನಂತರ ಆಗುವ 100 ರೂಪಾಯಿ ನಷ್ಟವನ್ನು ಶೇ. 1.4ರಂತೆ ಇಳಿಸಿದರೆ ಇಂದಿಗೆ ಸುಮಾರು 25 ರೂಪಾಯಿ. ಶೇ. 4ರಂತೆ ಇಳಿಸಿದರೆ 2 ರೂಪಾಯಿ. ಶೇ. 5.5 ಎಂದುಕೊಂಡರೆ 47 ಪೈಸೆ.

ಈ ಉಪನ್ಯಾಸಕ್ಕಾಗಿ ಇಟ್ಟ ದತ್ತಿಯೇ ಒಂದು ಡಿಸ್ಕೌಂಟ್ ದರದ ಹೇಳಿಕೆ ಎಂಬುದನ್ನು ಗಮನಿಸಿ. ಇಟ್ಟವರು ಅಸಲನ್ನು ಮುಟ್ಟಬೇಡಿ, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಸಿ ಎಂದರು. ತಾವು ನೋಡಲಾಗದ ವರ್ಷದ ಕೇಳುಗನನ್ನು ಮೊದಲ ವರ್ಷದ ಕೇಳುಗನಷ್ಟೇ ದೊಡ್ಡವನೆಂದು ಅವರು ಎಣಿಸಿದರು. ಕೇಂಬ್ರಿಜ್‌ನ ಫ್ರಾಂಕ್ ರಾಮ್ಸೆ 1928ರಲ್ಲೇ, ಮುಂದಿನವರ ಸುಖವನ್ನು ಅದು ಮುಂದಿನದು ಎಂಬ ಒಂದೇ ಕಾರಣಕ್ಕೆ ಕಡಿಮೆ ತೂಗುವುದಕ್ಕೆ ನೀತಿಯ ಸಮರ್ಥನೆ ಇಲ್ಲ ಎಂದು ವಾದಿಸಿದ್ದರು. ನಾರ್ಡ್‌ಹೌಸ್ ಪಕ್ಷದ ವಾದವೂ ಹಗುರಲ್ಲ: ಜನ ಬ್ಯಾಂಕಿನಲ್ಲಿ, ಮಾರುಕಟ್ಟೆಯಲ್ಲಿ ನಿಜಕ್ಕೂ ಒಪ್ಪಿಕೊಳ್ಳುವ ಬಡ್ಡಿಯನ್ನು ಬಿಟ್ಟು ತತ್ತ್ವಜ್ಞಾನಿಯ ಬಡ್ಡಿಯನ್ನು ಹಿಡಿದರೆ ಇಂದಿನ ಬಡವರ ಶಾಲೆ, ಆಸ್ಪತ್ರೆಗಳ ಹಣ ನಾಳಿನ ಶ್ರೀಮಂತರಿಗೆ ಹೋಗುತ್ತದೆ ಎನ್ನುತ್ತಾರೆ ಅವರು.

ಆ ಮಾರುಕಟ್ಟೆ ಬಡ್ಡಿಯನ್ನು ನಮ್ಮ ತೋಟಕ್ಕೇ ತಂದು ನೋಡೋಣ. ಒಬ್ಬ ಸಣ್ಣ ಬೆಳೆಗಾರ ನೆರಳಿಗೆ ಗಿಡ ನೆಡಬೇಕು. ಅತ್ತಿ, ನಂದಿ, ಹಲಸು, ಬೀಟೆ ನೆಟ್ಟರೆ ಮಣ್ಣಿಗೆ ತರಗು, ಹಕ್ಕಿಗೆ ಹಣ್ಣು, ಬಿಸಿಲಿಗೆ ತಡೆ, ಇಳಿಜಾರಿಗೆ ಬೇರಿನ ಹಿಡಿತ. ಎಲ್ಲ ಸಿಗುವ ಹೊತ್ತಿಗೆ ಇಪ್ಪತ್ತೈದು, ಮೂವತ್ತು ವರ್ಷ. ಸಿಲ್ವರ್ ಓಕ್ ನೆಟ್ಟರೆ ಬೇಗ ಎತ್ತರಕ್ಕೆ ಹೋಗುತ್ತದೆ, ಮೆಣಸಿನ ಬಳ್ಳಿ ಹತ್ತಿಸಬಹುದು, ಮಗಳ ಮದುವೆಗೆ ಕಡಿದು ಮಾರಬಹುದು. ಶೇ. 12ರ ಬಡ್ಡಿಗೆ ಸಾಲ ತೆಗೆದವನಿಗೆ ಮೂವತ್ತು ವರ್ಷದ ನಂತರದ 100 ರೂಪಾಯಿ ಇಂದಿಗೆ 3 ರೂಪಾಯಿ ಚಿಲ್ಲರೆ. ಅವನು ಸಿಲ್ವರ್ ಓಕ್ ಆರಿಸಿದರೆ ತನ್ನ ಬಡ್ಡಿಗೆ ತಕ್ಕ ಲೆಕ್ಕವನ್ನೇ ಮಾಡಿದ್ದಾನೆ.

ಇದರ ಮೇಲೆ ಕಾನೂನು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ನಾಡಮರ ಕಡಿಯಲು ಅನುಮತಿ ಬೇಕು. ಸಿಲ್ವರ್ ಓಕ್‌ಗೆ ವಿನಾಯಿತಿ ಇದೆ. ಮರ ಉಳಿಸಲು ಮಾಡಿದ ಕಾನೂನು ಬೀಟೆಯ ಸಸಿಯನ್ನು ಮಾಲೀಕನಿಗೆ ಹೊರೆಯಾಗಿಸಿತು, ಆಸ್ಟ್ರೇಲಿಯಾದಿಂದ ಬಂದ ಮರವನ್ನು ಆಸ್ತಿಯಾಗಿಸಿತು. ಇಂದು ಯಾವ ತೋಟದ ದಾರಿಯಲ್ಲಿ ನಡೆದರೂ ಆ ನೇರ ಬೂದುಬಣ್ಣದ ಕಾಂಡಗಳು ಸಾಲಾಗಿ ಕಾಣುವುದಕ್ಕೆ ಬಡ್ಡಿ ಮತ್ತು ಕಾನೂನು ಎರಡೂ ಕಾರಣ. ಹವಾಮಾನ ನೀತಿ ಎಂದರೆ ಪ್ಯಾರಿಸ್, ಗ್ಲಾಸ್ಗೊ ಸಮ್ಮೇಳನಗಳು ಎಂದಷ್ಟೇ ತಿಳಿದವರಿಗೆ ಹೇಳಬೇಕಾದ ಮಾತಿದು: ಸಹಕಾರ ಸಂಘದ ಬಡ್ಡಿದರವೂ ಮರದ ಪರ್ಮಿಟ್ಟೂ ಹವಾಮಾನ ನೀತಿಯೇ.

3. ಯಾರ ನಷ್ಟ, ಎಷ್ಟು ತೂಕ

ಒಂದು ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಲೋಕಕ್ಕಾಗುವ ಒಟ್ಟು ನಷ್ಟವನ್ನು ಅರ್ಥಶಾಸ್ತ್ರಜ್ಞರು ಇಂಗಾಲದ ಸಾಮಾಜಿಕ ವೆಚ್ಚ ಎನ್ನುತ್ತಾರೆ. ಅಮೆರಿಕ ಸರ್ಕಾರ ಇದನ್ನು ಕಾನೂನು ಮಾಡುವಾಗ ಬಳಸಿದೆ. ಟ್ರಂಪ್ ಅವರ ಮೊದಲ ಆಡಳಿತದಲ್ಲಿ ಇದು 1ರಿಂದ 7 ಡಾಲರ್ ಆಯಿತು, 2021ರಲ್ಲಿ 51 ಡಾಲರ್, 2023ರಲ್ಲಿ ಅಲ್ಲಿನ ಪರಿಸರ ಸಂಸ್ಥೆಯ ಲೆಕ್ಕದಲ್ಲಿ 190 ಡಾಲರ್. ಅದೇ ಹೊಗೆ, ಅದೇ ಆಕಾಶ. ಕಡಿಮೆ ಅಂಕಿ ಬಂದದ್ದು ಡಿಸ್ಕೌಂಟ್ ದರ ಏರಿಸಿದ್ದರಿಂದ, ಮತ್ತು ಅಮೆರಿಕದ ಗಡಿಯೊಳಗಿನ ನಷ್ಟವನ್ನು ಮಾತ್ರ ಎಣಿಸಿದ್ದರಿಂದ. ಹೊರಗಿನವರ ನಷ್ಟ ಎಣಿಕೆಗೇ ಬರಲಿಲ್ಲ. 2018ರಲ್ಲಿ ಕ್ಯಾಥರೀನ್ ರಿಕ್ ಮತ್ತು ಸಂಗಡಿಗರು ಈ ವೆಚ್ಚವನ್ನು ದೇಶದೇಶಕ್ಕೆ ಹಂಚಿ ನೋಡಿದಾಗ ಅತಿ ಹೆಚ್ಚು ಪಾಲು, ಟನ್ನಿಗೆ ಸುಮಾರು 86 ಡಾಲರ್, ಬಂದದ್ದು ಭಾರತಕ್ಕೆ.

ದೇಶದೊಳಗೂ ತೂಕದ ಪ್ರಶ್ನೆ ಇದ್ದೇ ಇದೆ. 1991ರ ಒಂದು ಪ್ರಸಿದ್ಧ ಪ್ರಬಂಧದಲ್ಲಿ ನಾರ್ಡ್‌ಹೌಸ್ ಅಮೆರಿಕದ ಆರ್ಥಿಕತೆಯ ಶೇ. 87ರಷ್ಟು ಭಾಗಕ್ಕೆ ಹವಾಮಾನದಿಂದ ಹೇಳಿಕೊಳ್ಳುವಂಥ ಪರಿಣಾಮವಿಲ್ಲ ಎಂದು ಎಣಿಸಿದ್ದರು. ಕೃಷಿ, ಅರಣ್ಯದಂಥವು ಅಲ್ಲಿ ಶೇ. 3ರಷ್ಟು ಮಾತ್ರ. ಭಾರತದಲ್ಲಿ ಉತ್ಪನ್ನದಲ್ಲಿ ಕೃಷಿಯ ಪಾಲು ಶೇ. 18ರ ಆಸುಪಾಸು, ದುಡಿಯುವವರಲ್ಲಿ ಶೇ. 45ರ ಆಸುಪಾಸು. ರೂಪಾಯಿಗೊಂದು ಮತ ಎಂದು ಎಣಿಸಿದರೆ ಒಂದು ಉತ್ತರ, ಆಳಿಗೊಂದು ಮತ ಎಂದು ಎಣಿಸಿದರೆ ಇನ್ನೊಂದು.

ಇನ್ನೂ ಸೂಕ್ಷ್ಮವಾದ ಮೋಸ ಬೆಲೆಯಲ್ಲಿದೆ. 1975ರ ಜುಲೈನಲ್ಲಿ ಬ್ರೆಜಿಲಿನ ಪರಾನಾದಲ್ಲಿ ಹಿಮ ಬಿದ್ದು ಕಾಫಿ ಗಿಡಗಳು ಕರಕಲಾದವು. ಜಗತ್ತಿನಲ್ಲಿ ಕಾಫಿ ಬೆಲೆ ಏರಿತು. 2021ರ ಜುಲೈನಲ್ಲಿ ಮತ್ತೆ ಹಿಮ. ಆಮೇಲೆ ಬ್ರೆಜಿಲಿನಲ್ಲೂ ವಿಯೆಟ್ನಾಮಿನಲ್ಲೂ ಒಣಹವೆ. 2025ರ ಫೆಬ್ರವರಿಯಲ್ಲಿ ಅರೇಬಿಕಾ ಬೆಲೆ ಪೌಂಡಿಗೆ 4 ಡಾಲರ್ ದಾಟಿ ದಾಖಲೆ ಬರೆಯಿತು. ಸಕಲೇಶಪುರದ ಪೇಟೆಯಲ್ಲಿ ಚೆರ್ರಿ ಮೂಟೆಗೆ ಹಿಂದೆಂದೂ ಕಾಣದ ದರ ಬಂತು. ಆ ವರ್ಷದ ತಾಲ್ಲೂಕಿನ ಆದಾಯ ತೆಗೆದು, ಹವಾಮಾನ ವೈಪರೀತ್ಯದಿಂದ ಸಕಲೇಶಪುರಕ್ಕೆ ಲಾಭವಾಯಿತು ಎಂದು ಬರೆದರೆ ಅಂಕಿಯಲ್ಲಿ ತಪ್ಪು ಹಿಡಿಯಲಾಗದು.

ಆದರೆ ಬೆಲೆ ಏರಿದ್ದು ಮೂಟೆ ಇದ್ದವರಿಗೆ. ಹೂ ಅರಳಿಸುವ ಮಳೆ, ಅಂದರೆ ಹೂಮಳೆ, ತಪ್ಪಿ ಕಾಯಿ ಕಚ್ಚದ ತೋಟದವರಿಗೆ, ಕಣದಲ್ಲಿ ಹಣ್ಣು ಬೂಷ್ಟು ಹಿಡಿದವರಿಗೆ ಆ ದರ ಪತ್ರಿಕೆಯಲ್ಲಿ ಓದುವ ಸುದ್ದಿ. ದಾಸ್ತಾನು ಇಟ್ಟುಕೊಳ್ಳಲು ಗೋದಾಮೂ ಕೈಯಲ್ಲಿ ಕಾಸೂ ಇದ್ದವರು ಕಾದು ಮಾರಿದರು. ಸಾಲದ ಕಂತಿಗೆ ಮೊದಲೇ ಮಾರಿದವರಿಗೆ ಹಳೆಯ ದರವೇ ಸಿಕ್ಕಿತು. ಲೈನ್ ಮನೆಯಲ್ಲಿ ಇರುವ ಆಳುಗಳ ದಿನಗೂಲಿ ನ್ಯೂಯಾರ್ಕಿನ ಬೆಲೆಯ ಜೊತೆ ಏರುವುದಿಲ್ಲ. ಹಣ್ಣು ಕಡಿಮೆಯಾದರೆ ಕೊಯ್ಲಿನ ದಿನಗಳು ಮಾತ್ರ ಕಡಿಮೆಯಾಗುತ್ತವೆ. ಒಬ್ಬನ ಬರ ಇನ್ನೊಬ್ಬನ ಬೆಲೆಯಾಗುವ ಇಂಥ ಬೆಳೆಯಲ್ಲಿ ಒಟ್ಟು ಆದಾಯ ನೋಡಿ ನಷ್ಟ ಅಳೆಯುವುದು ಸಲ್ಲದು. ಬೆಳೆದ ಕಿಲೋ, ಸತ್ತ ಗಿಡ, ಸಿಕ್ಕ ಕೂಲಿದಿನ ಇವುಗಳನ್ನು ಬೇರೆಬೇರೆಯಾಗಿ ಎಣಿಸಬೇಕು.

ಭೂಮಿಯ ಬೆಲೆಯಿಂದ ಹವಾಮಾನದ ಹಾನಿಯನ್ನು ಅಳೆಯುವ ಇನ್ನೊಂದು ವಿಧಾನವಿದೆ. 1994ರಲ್ಲಿ ಮೆಂಡೆಲ್‌ಸನ್, ನಾರ್ಡ್‌ಹೌಸ್, ಶಾ ಮೂವರೂ ಸೇರಿ ಇದನ್ನು ಮುಂದಿಟ್ಟರು. ರೈತ ಹವೆಗೆ ತಕ್ಕ ಬೆಳೆ ಆರಿಸಿಕೊಳ್ಳುತ್ತಾನೆ, ಭೂಮಿಯ ಬೆಲೆಯಲ್ಲಿ ಆ ಎಲ್ಲ ಹೊಂದಾಣಿಕೆಯೂ ಅಡಗಿರುತ್ತದೆ ಎಂಬುದು ಅದರ ತರ್ಕ. ಜಾಣ ತರ್ಕವೇ ಹೌದು. ಆದರೆ ಹೆತ್ತೂರು, ಹಾನುಬಾಳು ಕಡೆ ಎಕರೆಗೆ ಇಂದು ಹೇಳುವ ದರದಲ್ಲಿ ಕಾಫಿ ಎಷ್ಟಿದೆ, ಬೆಂಗಳೂರಿನ ವಾರಾಂತ್ಯ ಎಷ್ಟಿದೆ? ಹೋಂಸ್ಟೇ ಕಟ್ಟಲು ಬಂದವರು ಕೊಡುವ ಬೆಲೆಗೆ ಹೂಮಳೆಯ ಹಂಗಿಲ್ಲ. ಭೂಮಿಯ ಬೆಲೆ ಏರಿದ್ದನ್ನು ನೋಡಿ ಮಣ್ಣು ಸುಖವಾಗಿದೆ ಎಂದು ತೀರ್ಮಾನಿಸುವ ಅರ್ಥಶಾಸ್ತ್ರಜ್ಞನಿಗೆ ನಮ್ಮ ತಾಲ್ಲೂಕು ಒಳ್ಳೆಯ ಎಚ್ಚರಿಕೆ.

4. ಸರಾಸರಿಯಲ್ಲಿ ಮುಳುಗುವ ಮಳೆ

ಈಚಿನ ಸಂಶೋಧನೆಗಳು ಹೆಚ್ಚಾಗಿ ದೇಶದೇಶದ ವಾರ್ಷಿಕ ತಾಪಮಾನವನ್ನು ಆದಾಯದ ಬೆಳವಣಿಗೆಯೊಂದಿಗೆ ಜೋಡಿಸಿ ನೋಡುತ್ತವೆ. ಬರ್ಕ್, ಸಿಯಾಂಗ್, ಮಿಗೆಲ್ 2015ರಲ್ಲಿ ಹಾಗೆ ಮಾಡಿ, ವರ್ಷದ ಸರಾಸರಿ 13 ಡಿಗ್ರಿಯ ಹತ್ತಿರ ಆರ್ಥಿಕತೆ ಅತ್ಯಂತ ಚುರುಕಾಗಿರುತ್ತದೆ, ಅದರಾಚೆ ಕುಗ್ಗುತ್ತದೆ ಎಂದರು. 2024ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್ ಸಂಸ್ಥೆಯವರ ಪ್ರಬಂಧ, ಶತಮಾನದ ನಡುವಿಗೆ ಜಗತ್ತಿನ ಆದಾಯ ಶೇ. 19ರಷ್ಟು ಕುಗ್ಗಲಿದೆ ಎಂದಿತು. ಬ್ಯಾಂಕುಗಳು, ಸರ್ಕಾರಗಳು ಅದನ್ನು ಉಲ್ಲೇಖಿಸಿದವು. ಆಮೇಲೆ ಬೇರೆ ಸಂಶೋಧಕರು ಪರೀಕ್ಷಿಸಿದಾಗ, ಉಜ್ಬೇಕಿಸ್ತಾನ ಎಂಬ ಒಂದೇ ದೇಶದ ದೋಷವಿದ್ದ ಅಂಕಿಗಳು ಫಲಿತಾಂಶವನ್ನು ಬಹಳವಾಗಿ ಎಳೆದಿದ್ದವು ಎಂದು ಗೊತ್ತಾಯಿತು. 2025ರ ಡಿಸೆಂಬರಿನಲ್ಲಿ ಪ್ರಬಂಧವನ್ನು ಹಿಂತೆಗೆದುಕೊಂಡರು. ಇದರಿಂದ ಹವಾಮಾನದ ನಷ್ಟ ಸುಳ್ಳಾಗುವುದಿಲ್ಲ. ಜಗತ್ತಿಗೆಲ್ಲ ಒಂದೇ ಅಂಕಿ ಕೊಡುವ ಆತುರ ಎಷ್ಟು ಸಣ್ಣ ಆಧಾರದ ಮೇಲೆ ನಿಲ್ಲಬಹುದು ಎಂಬುದು ಇದರ ಪಾಠ.

ನಮ್ಮಲ್ಲಿ 2017–18ರ ಕೇಂದ್ರ ಆರ್ಥಿಕ ಸಮೀಕ್ಷೆ ಇನ್ನಷ್ಟು ಹತ್ತಿರಕ್ಕೆ ಬಂದಿತ್ತು. ಜಿಲ್ಲಾವಾರು ಅಂಕಿಗಳ ಆಧಾರದ ಮೇಲೆ, ಹವಾಮಾನ ಬದಲಾವಣೆಯಿಂದ ರೈತರ ಆದಾಯ ಸರಾಸರಿ ಶೇ. 15ರಿಂದ 18, ನೀರಾವರಿ ಇಲ್ಲದೆಡೆ ಶೇ. 20ರಿಂದ 25 ಕುಗ್ಗಬಹುದು ಎಂದು ಅಂದಾಜಿಸಿತು. ಗೌರವಿಸಬೇಕಾದ ಕೆಲಸ. ಆದರೆ ಹಾಸನವೂ ಒಂದು ಜಿಲ್ಲೆಯೇ. ಅರಸೀಕೆರೆಯ ತೆಂಗಿನ ಬಯಲು ಮತ್ತು ಬಿಸಿಲೆ ಘಾಟಿಯ ಅಂಚು ಎರಡನ್ನೂ ಕೂಡಿಸಿ ತೆಗೆದ ಸರಾಸರಿ ಮಳೆ ಯಾರ ಹೊಲದ ಮೇಲೂ ಬೀಳುವುದಿಲ್ಲ. ತಾಲ್ಲೂಕಿಗೆ ಇಳಿದರೂ ಇದೇ ಕಥೆ. ಹೆತ್ತೂರು ಹೋಬಳಿಯ ಪಶ್ಚಿಮದಲ್ಲಿ ಗದ್ದೆ ಕೊಚ್ಚಿಹೋಗುವ ವಾರದಲ್ಲೇ ಆಲೂರಿನ ಪೂರ್ವ ಭಾಗದ ಅರೆಮಲೆನಾಡಿನಲ್ಲಿ ನಾಟಿಗೆ ನೀರು ಸಾಲದಿರಬಹುದು.

ಜಾಗದ ಸರಾಸರಿಗಿಂತ ಕಾಲದ ಸರಾಸರಿ ಇನ್ನೂ ಹೆಚ್ಚು ಮರೆಮಾಚುತ್ತದೆ. ಕಾಫಿ ಗಿಡ ಮೊಗ್ಗು ಕಟ್ಟಿ, ಒಣಹವೆಯಲ್ಲಿ ಕಾದು, ಫೆಬ್ರವರಿಯಿಂದ ಏಪ್ರಿಲ್ ನಡುವೆ ಬೀಳುವ ಒಂದು ಒಳ್ಳೆಯ ಮಳೆಗೆ ಎಂಟು–ಹತ್ತು ದಿನದಲ್ಲಿ ಅರಳುತ್ತದೆ. ಅದು ಹೂಮಳೆ. ಒಂದಿಂಚಿನಷ್ಟು ಬಿದ್ದರೆ ಸಾಕು. ಕೆಲವು ವಾರದ ಮೇಲೆ ಇನ್ನೊಂದು ಮಳೆ, ಬೆಳೆಗಾರರು ಬ್ಯಾಕಿಂಗ್ ಎನ್ನುವುದು, ಬಂದರೆ ಕಾಯಿ ನಿಲ್ಲುತ್ತದೆ. ಹೂ ಬಿರಿದ ದಿನವೇ ಸುರಿದರೆ ಪರಾಗ ತೊಳೆದುಹೋಗುತ್ತದೆ. ಬೇರೆ ಗಿಡದ ಪರಾಗ ಬೇಕಾದ ರೊಬಸ್ಟಾಕ್ಕೆ ಈ ಹೊಡೆತ ಹೆಚ್ಚು. ಜುಲೈ–ಆಗಸ್ಟಿನಲ್ಲಿ ಬಿಡದೆ ಸುರಿದರೆ ಕೊಳೆ ರೋಗ, ಮೆಣಸಿನ ಬಳ್ಳಿಗೆ ಸೊರಗು. 2021ರ ನವೆಂಬರಿನಲ್ಲಿ ಆದಂತೆ ಕೊಯ್ಲಿನ ಹೊತ್ತಿಗೆ ಬಂದರೆ ಅರೇಬಿಕಾ ಹಣ್ಣು ಗಿಡದಲ್ಲೇ ಒಡೆದು ಉದುರುತ್ತದೆ, ಕೊಯ್ದದ್ದು ಕಣದಲ್ಲಿ ಒಣಗುವುದಿಲ್ಲ. ಈ ಎಲ್ಲ ಮಳೆಯನ್ನೂ ಕೂಡಿಸಿ ‘ವಾಡಿಕೆ ಮಳೆಯ ಶೇ. 100’ ಎಂದು ಬರೆದ ವರ್ಷದಲ್ಲೇ ಬೆಳೆ ಪೂರ್ತಿ ಹೋಗಿರಬಹುದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದರು. ಮರುವರ್ಷ ಜುಲೈನಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲೆ ಬಳಿ ಗುಡ್ಡ ಹೆದ್ದಾರಿಗೆ ಜರಿಯಿತು. ಎರಡು ವರ್ಷದ ಸರಾಸರಿ ತೆಗೆದವರಿಗೆ ಎರಡೂ ಕಾಣುವುದಿಲ್ಲ.

ಸರಾಸರಿ ಹಿಡಿಯಲಾರದ ಇನ್ನೊಂದು ಸಂಗತಿ ಅಪರೂಪದ ದೊಡ್ಡ ಆಪತ್ತು. ಹಾರ್ವರ್ಡಿನ ಮಾರ್ಟಿನ್ ವೈಟ್ಜ್‌ಮನ್ 2009ರಲ್ಲಿ ಇದನ್ನೇ ಎತ್ತಿ ಹಿಡಿದರು. ಅತಿ ಕೆಟ್ಟದ್ದು ನಡೆಯುವ ಸಾಧ್ಯತೆ ಸಣ್ಣದಾದರೂ ಅದು ಸೊನ್ನೆಯ ಕಡೆಗೆ ಬೇಗ ಇಳಿಯದಿದ್ದರೆ, ಸಾಮಾನ್ಯ ಲಾಭ-ನಷ್ಟದ ತಕ್ಕಡಿ ಕೆಲಸ ಮಾಡುವುದಿಲ್ಲ. ಆಗ ಖರ್ಚನ್ನು ವಿಮೆಯ ಕಂತಿನಂತೆ ನೋಡಬೇಕು ಎಂದರು. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ 55 ಕಿ.ಮೀ. ರೈಲು ಮಾರ್ಗ ಇದಕ್ಕೆ ಉದಾಹರಣೆ. 57 ಸುರಂಗಗಳ ಆ ದಾರಿ 2018ರ ಆಗಸ್ಟಿನಲ್ಲಿ ಭೂಕುಸಿತದಿಂದ ವಾರಗಟ್ಟಲೆ ಮುಚ್ಚಿತ್ತು. 2024ರ ಜುಲೈ 26ರಂದು ಯಡಕುಮರಿ–ಕಡಗರವಳ್ಳಿ ನಡುವೆ ಮಣ್ಣು ಜಾರಿ ಮತ್ತೆ ನಿಂತಿತು. ಅದೇ ಹೊತ್ತಿಗೆ ಘಾಟಿಯ ಹೆದ್ದಾರಿಯೂ ತೊಂದರೆಗೆ ಸಿಕ್ಕಿದಾಗ ಮಂಗಳೂರು ಬಂದರಿಗೂ ಬೆಂಗಳೂರಿಗೂ ನಡುವಿನ ಎರಡು ಮುಖ್ಯ ದಾರಿಗಳು ಒಟ್ಟಿಗೆ ಕಟ್ಟಿದವು. ವರ್ಷದ ಸರಾಸರಿ ನಷ್ಟದ ಪಟ್ಟಿಯಲ್ಲಿ ಇದೊಂದು ಸಣ್ಣ ಸಾಲು.

ಇಲ್ಲೇ ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಆದ ಎಲ್ಲ ನಷ್ಟವನ್ನೂ ಹವಾಮಾನದ ತಲೆಗೆ ಕಟ್ಟುವುದು ಅಷ್ಟೇ ಕೆಟ್ಟ ಲೆಕ್ಕ. ರಸ್ತೆ ಅಗಲಿಸಲು ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದಲ್ಲಿ ಮಳೆ ನೆಪ ಮಾತ್ರ. ಆಲೂರಿನ ಗದ್ದೆಗಳು ಶುಂಠಿಗೆ, ಅಡಿಕೆಗೆ ತಿರುಗಿದ್ದರಲ್ಲಿ ಮಳೆಗಿಂತ ಆಳಿನ ಕೊರತೆ, ಆನೆಯ ಕಾಟ, ಭತ್ತದ ಬೆಲೆ ದೊಡ್ಡ ಕಾರಣಗಳು. ಹವಾಮಾನದ್ದೆಷ್ಟು, ನಮ್ಮ ಕೈಯಾರೆ ಮಾಡಿಕೊಂಡದ್ದೆಷ್ಟು ಎಂದು ಬೇರ್ಪಡಿಸದಿದ್ದರೆ ಗುತ್ತಿಗೆದಾರನ ತಪ್ಪಿಗೂ ಆಕಾಶವೇ ಜಾಮೀನು ನಿಲ್ಲುತ್ತದೆ.

5. ನೀತಿಗಳ ತೂಕ

ಈಗ ನಮ್ಮ ಮೇಲಿರುವ ನೀತಿಗಳನ್ನು ಇದೇ ಮೂರು ಪ್ರಶ್ನೆಗಳಿಂದ ನೋಡೋಣ.

ಮೊದಲನೆಯದು ಪರಿಹಾರ. ವಿಪತ್ತು ಪರಿಹಾರ ನಿಧಿಯ 2022–26ರ ನಿಯಮದಂತೆ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ 2 ಹೆಕ್ಟೇರಿಗೆ ಮಿತಿ. ಒಂದು ವರ್ಷದ ರಾಗಿ ಹೋದವನಿಗೆ ಮುಂದಿನ ವರ್ಷದ ಬೀಜಗೊಬ್ಬರಕ್ಕೆ ನೆರವಾಗುವ ತರ್ಕ ಇದರ ಹಿಂದಿದೆ. ಅರೇಬಿಕಾ ಗಿಡ ಸತ್ತರೆ ಮತ್ತೆ ನೆಟ್ಟು ಫಸಲು ಕಾಣಲು ಮೂರು–ನಾಲ್ಕು ವರ್ಷ ಬೇಕು. ಮಾರಿಕೊಂಡ ಹಣ್ಣು ಬಡ್ಡಿ, ಗಿಡ ಅಸಲು. ನಿಯಮ ಎರಡನ್ನೂ ಒಂದೇ ಎಂದು ಎಣಿಸುತ್ತದೆ. ಕೆಲಸದ ದಿನ ಕಳೆದುಕೊಂಡ ಆಳಿಗೆ ಈ ಬೆಳೆ ಪರಿಹಾರದಲ್ಲಿ ಕಲಮೇ ಇಲ್ಲ.

ಎರಡನೆಯದು ವಿಮೆ. ಕಾಫಿ ಮಂಡಳಿ ಹಿಂದೆ ಮಳೆ ಆಧಾರಿತ ವಿಮೆಯನ್ನು ತಂದಿತ್ತು. ಹೂಮಳೆ, ಬ್ಯಾಕಿಂಗ್, ಮುಂಗಾರಿನ ಅತಿವೃಷ್ಟಿ ಎಂದು ಕಾಲವನ್ನು ಬಿಡಿಸಿ ನೋಡಿದ ಯೋಜನೆ ಅದು. ನಾನು ಈಗ ಹೇಳಿದ ಕಾಲದ ಸರಾಸರಿಯ ದೋಷವನ್ನು ಅದು ಅರ್ಥಮಾಡಿಕೊಂಡಿತ್ತು. ಜಾಗದ ದೋಷ ಉಳಿಯಿತು: ಮಳೆಮಾಪಕ ಇರುವ ಕಡೆ ಮಳೆ ಬಿದ್ದು ತೋಟದಲ್ಲಿ ಬೀಳದಿದ್ದರೆ ಹಣವಿಲ್ಲ. ಇಂದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಗುಡ್ಡಗಾಡಿನಲ್ಲಿ ಅವನ್ನು ಇನ್ನಷ್ಟು ಒತ್ತಾಗಿ ಇಟ್ಟರೆ ಅಂಥ ವಿಮೆಯನ್ನು ಮತ್ತೆ ಕಟ್ಟಲು ಅಡಿಪಾಯ ಸಿದ್ಧವಾಗುತ್ತದೆ.

ಮೂರನೆಯದು ನಮ್ಮ ಗುಡ್ಡಗಳ ಹಳ್ಳಗಳ ನೀರನ್ನು ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆ. ಬಯಲುಸೀಮೆಯ ಬಾಯಾರಿಕೆ ನಿಜ. ಅದನ್ನು ಹಗುರಾಗಿ ಕಾಣುವ ಹಕ್ಕು ಮಲೆನಾಡಿಗಿಲ್ಲ. ಆದರೆ ಲೆಕ್ಕದ ಮಾತು ಬೇರೆ. ಆರಂಭದಲ್ಲಿ ಸುಮಾರು 8,323 ಕೋಟಿ ರೂಪಾಯಿ ಎಂದಿದ್ದ ಅಂದಾಜು 2014ರಲ್ಲಿ 12,912 ಕೋಟಿಯಾಯಿತು, ಆಮೇಲೆ 23,251 ಕೋಟಿ. ಸಿಗುವ ನೀರು 24.01 ಟಿಎಂಸಿ ಎಂದು ಯೋಜನೆ ಹೇಳಿದರೆ, ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಆ ಹಳ್ಳಗಳ ಇಳುವರಿಯನ್ನು 9.55 ಟಿಎಂಸಿ ಎಂದು ಅಂದಾಜಿಸಿತು. ಯೋಜನೆಯ ಬೆಲೆ 2.8 ಪಟ್ಟು ಬೆಳೆದಾಗ, ನೀರಿನ ಅಂದಾಜೇ ವಿವಾದದಲ್ಲಿದ್ದಾಗ, ಮಳೆಯ ಸ್ವಭಾವವೂ ಬದಲಾಗುತ್ತಿದ್ದಾಗ, ಮೊದಲ ವರ್ಷದ ಲಾಭ-ವೆಚ್ಚದ ಪಟ್ಟಿಯನ್ನು ಮತ್ತೆ ಮಾಡಿ ಜನರ ಮುಂದಿಡಬೇಕಿತ್ತು. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಪಂಪುಗಳು ಚಾಲೂ ಆದವು. ಮುಂದಿನ ಪ್ರತಿ ಹಂತಕ್ಕೂ ಮುನ್ನ, ಆ ವರ್ಷ ನಿಜಕ್ಕೂ ಹರಿದ ನೀರನ್ನು ಹಿಡಿದು ಪಟ್ಟಿ ಮರುಮಾಡುವುದು ಈಗಲೂ ಸಾಧ್ಯ.

ನಾಲ್ಕನೆಯದು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ. 2011ರಲ್ಲಿ ಗಾಡ್ಗೀಳ್ ಸಮಿತಿ, 2013ರಲ್ಲಿ ಕಸ್ತೂರಿರಂಗನ್ ಸಮಿತಿ, 2014ರಿಂದ ಈಚೆಗೆ ಕರಡು ಅಧಿಸೂಚನೆಯ ಮೇಲೆ ಕರಡು. ಆರನೆಯದು ಬಂದದ್ದು 2024ರ ಜುಲೈ 31ರಂದು. ಕರ್ನಾಟಕದ ಪಾಲು 20,668 ಚದರ ಕಿ.ಮೀ. ರಾಜ್ಯ ಸಂಪುಟ ಮತ್ತೆ ತಿರಸ್ಕರಿಸಿತು. ಇಲ್ಲಿ ಪರ, ವಿರೋಧ ಎರಡೂ ಗುಂಪುಗಳು ಜಗಳವಾಡಿದ್ದು ಗಡಿಯ ಬಗ್ಗೆ, ಹಣದ ಬಗ್ಗೆ ಅಲ್ಲ. ಕಾಡಿನ ಲಾಭ ಹೇಮಾವತಿಯ ಗುಂಟ ಗೊರೂರು ಜಲಾಶಯಕ್ಕೆ, ಅಲ್ಲಿಂದ ಮಂಡ್ಯ, ತುಮಕೂರಿನ ನಾಲೆಗಳಿಗೆ ಹರಿಯುತ್ತದೆ. ನಿರ್ಬಂಧದ ಖರ್ಚು ಬಿಸಿಲೆ, ಹೆತ್ತೂರಿನ ಮನೆಗಳ ಮೇಲೆ ಬೀಳುತ್ತದೆ. ಹದಿನೈದನೆಯ ಹಣಕಾಸು ಆಯೋಗ ರಾಜ್ಯಗಳ ಪಾಲು ನಿಗದಿ ಮಾಡುವಾಗ ಅರಣ್ಯಕ್ಕೆ ಶೇ. 10ರಷ್ಟು ತೂಕ ಕೊಟ್ಟಿತು. ಆ ಹಣ ಬೆಂಗಳೂರಿನ ಖಜಾನೆಗೆ ಬರುತ್ತದೆ. ಕಾಡು ನಿಂತಿರುವ ಪಂಚಾಯಿತಿಗೆ ತಲುಪಲೇಬೇಕೆಂಬ ಷರತ್ತು ಅದಕ್ಕಿಲ್ಲ. ಕಾಡಿನ ಹೆಸರಿನಲ್ಲಿ ಬಂದ ಹಣ ಕಾಡಿನ ಊರಿಗೆ ಬರಲಿ ಎಂದು ಕೇಳಿದ್ದರೆ ಹತ್ತು ವರ್ಷದ ಈ ವಾದ ಬೇರೆ ದಾರಿ ಹಿಡಿಯುತ್ತಿತ್ತು.

ಐದನೆಯದು ಹೊರಗಿನಿಂದ ಬರುವ ನಿಯಮ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಯನ್ನು ಕೊಳ್ಳಬಾರದೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಜಾರಿಯ ದಿನಾಂಕ ಎರಡು ಬಾರಿ ಮುಂದೆ ಹೋಗಿದೆ. ಉದ್ದೇಶ ಒಳ್ಳೆಯದು, ಮತ್ತು ನೆರಳಿನ ಕಾಫಿ ಬೆಳೆಯುವ ನಮಗೆ ಅದರಿಂದ ಹೆಸರೂ ಬರಬಹುದು. ಆದರೆ ದೇಶದ ಕಾಫಿ ಹಿಡುವಳಿಗಳಲ್ಲಿ ಶೇ. 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಸಣ್ಣವು. ತೋಟದ ಗಡಿಯನ್ನು ಉಪಗ್ರಹದಲ್ಲಿ ಗುರುತಿಸಿ ಕಾಗದ ಇಡುವ ಖರ್ಚು ದೊಡ್ಡ ಎಸ್ಟೇಟಿಗೆ ಕಿಲೋಗೆ ಪೈಸೆಗಳಲ್ಲಿ, ಮೂರೆಕರೆಯವನಿಗೆ ರೂಪಾಯಿಗಳಲ್ಲಿ ಬೀಳುತ್ತದೆ. ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವುದು, ಮಾಡಿದ್ದು ಆಕಾಶದಿಂದ ಕಾಡು ಕಡಿದಂತೆ ಕಂಡರೆ ವಿವರಣೆ ಕೊಡಬೇಕಾದವನೂ ಅವನೇ. ಇಂಗಾಲದ ಕ್ರೆಡಿಟ್ ಮಾರುವ ಯೋಜನೆಗಳಿಗೂ ಇದೇ ಮಾತು: ಅಳೆಯುವ, ದೃಢೀಕರಿಸುವ ಖರ್ಚು ಮರದ ಬೆಲೆಯನ್ನೇ ನುಂಗದಂತೆ ಸಹಕಾರ ಸಂಘಗಳು ಒಟ್ಟಾಗಿ ಮಾಡದಿದ್ದರೆ ಲಾಭ ಮಧ್ಯವರ್ತಿಗೆ.

6. ಕೇಳಬೇಕಾದದ್ದು

ಇಷ್ಟೆಲ್ಲ ಹೇಳಿದ ಮೇಲೆ ನಾಲ್ಕು ಸಲಹೆಗಳನ್ನು ಮುಂದಿಡುತ್ತೇನೆ. ಒಂದು, ತೋಟದೊಳಗಿನ ನಾಡಮರಕ್ಕೆ ಬೆಳೆಗಾರನೇ ಒಡೆಯನಾಗುವಂತೆ, ತಾನು ನೆಟ್ಟದ್ದನ್ನು ನೋಂದಾಯಿಸಿ ಮುಂದೆ ಅಲೆದಾಟವಿಲ್ಲದೆ ಕಡಿಯುವಂತೆ ಕಾನೂನು ತಿದ್ದಬೇಕು; ಕಡಿಯದೆ ಉಳಿಸಿದವನಿಗೆ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ಸಿಗಬೇಕು. ಎರಡು, ಪರಿಹಾರದಲ್ಲಿ ಸತ್ತ ಗಿಡವನ್ನೂ ಕಳೆದ ಕೂಲಿದಿನವನ್ನೂ ಬೇರೆಬೇರೆ ಕಲಮುಗಳಾಗಿ ಸೇರಿಸಬೇಕು. ಮೂರು, ಅರಣ್ಯದ ತೂಕದಿಂದ ರಾಜ್ಯಕ್ಕೆ ಬಂದ ಹಣದಲ್ಲಿ ಒಂದು ಪಾಲನ್ನು ಕಾಡಂಚಿನ ಗ್ರಾಮ ಪಂಚಾಯಿತಿಗಳಿಗೆ ನೇರವಾಗಿ ಕೊಡಬೇಕು.

ನಾಲ್ಕನೆಯದು ಲೆಕ್ಕದ್ದೇ. ಜಗತ್ತಿನ ಮಾದರಿಗಳಲ್ಲಿ ನಮ್ಮ ಗುಡ್ಡಗಳು ಕಾಣದಿರುವುದಕ್ಕೆ ಮಾದರಿ ಕಟ್ಟಿದವರಷ್ಟೇ ಕಾರಣರಲ್ಲ. ಅವರಿಗೆ ಕೊಡಲು ನಮ್ಮ ಹತ್ತಿರ ಅಂಕಿಗಳೂ ಇಲ್ಲ. ಮಳೆಯ ಡೈರಿ ಬರೆಯುವ ಬೆಳೆಗಾರರು ಈ ಸಭೆಯಲ್ಲೇ ಇದ್ದೀರಿ. ಹೂಮಳೆ ಬಿದ್ದ ದಿನ, ಅರಳಿದ ದಿನ, ಕಾಯಿ ಉದುರಿದ ವಾರ, ಸತ್ತ ಗಿಡ, ಕೊಯ್ಲಿನ ಆಳುದಿನ ಎಂಬ ಐದು ಕಲಮುಗಳನ್ನು ಹೋಬಳಿಗೊಂದರಂತೆ ಒಂದೇ ನಮೂನೆಯಲ್ಲಿ ಬರೆದು, ಈ ಕಾಲೇಜಿನ ಅರ್ಥಶಾಸ್ತ್ರ ವಿಭಾಗದಲ್ಲಿ ಕೂಡಿಡಬಹುದು. ಹತ್ತು ವರ್ಷ ನಡೆದರೆ ವಿಮೆಯ ದರ ನಿಗದಿಗೆ, ಪರಿಹಾರದ ವಾದಕ್ಕೆ, ಯೋಜನೆಯ ಮರುಪರಿಶೀಲನೆಗೆ ಅದರಷ್ಟು ಗಟ್ಟಿಯಾದ ಸಾಕ್ಷ್ಯ ಇನ್ನೊಂದಿರುವುದಿಲ್ಲ. ಮೊದಲ ಮೂರಕ್ಕೆ ವಿಧಾನಸೌಧದಲ್ಲೂ ದೆಹಲಿಯಲ್ಲೂ ಸಹಿಗಳು ಬೇಕು. ನಾಲ್ಕನೆಯದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಬರುವ ಹೂಮಳೆಗೇ ಶುರುಮಾಡೋಣ.